ಹಣ್ಣನ್ನು ಎದುರಿಗಿಟ್ಟುಕೊಂಡೇ ಬರೆಯಲು ಹೇಳಿ

ಮಾನ್ಯ ಸಂಪಾದಕರೇ,

ಹೊಸದಾಗಿ ಚಿತ್ರ ಕಲಿಯುವವರಿಗೆ ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿದ್ದ ಬರಹವನ್ನು ಎರಡು ಸಲ ಓದಿದೆ. ಹಣ್ಣುಗಳ ಸ್ಟಿಲ್ ಲೈಫ್, ಅಂದರೆ ಅಲುಗಾಡದ ವಸ್ತುಗಳನ್ನು ಜೋಡಿಸಿಟ್ಟು ಬರೆಯುವ ಚಿತ್ರ, ಬರೆಯುವುದು ಹೇಗೆ ಎಂದು ಅದರಲ್ಲಿ ಹೇಳಿದ್ದರು. ಇಂಥ ವಿಷಯಕ್ಕೆ ನೀವು ಅರ್ಧ ಪುಟ ಕೊಟ್ಟಿದ್ದು ನೋಡಿ ತುಂಬಾ ಖುಷಿಯಾಯಿತು. ಆದರೆ ಎರಡು ಮಾತು ಮಾತ್ರ ನನ್ನ ಮನಸ್ಸಿಗೆ ಒಪ್ಪಲಿಲ್ಲ. ಹಣ್ಣು ಕೆಡುತ್ತದೆ, ಆದ್ದರಿಂದ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಅದನ್ನು ನೋಡಿ ಬರೆಯಿರಿ ಎಂಬುದು ಒಂದು. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಬೇಗ ಒಣಗುತ್ತದೆ, ಹಣ್ಣಿನ ದುಂಡನೆಯ ಮೈ ಅದರಲ್ಲಿ ಸರಿಯಾಗಿ ಬರುವುದಿಲ್ಲ, ಕೈ ಕುದುರಿದ ಮೇಲೆ ಎಣ್ಣೆ ಬಣ್ಣಕ್ಕೆ ಹೋಗಿ ಎಂಬುದು ಇನ್ನೊಂದು. ಆರು ವರ್ಷದಿಂದ ನಾನು ಬರೆಯುತ್ತಿರುವುದು ಹಣ್ಣುಗಳನ್ನೇ, ಅದೂ ಅಕ್ರಿಲಿಕ್‌ನಲ್ಲೇ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಹೊಲಿಗೆ ಕೆಲಸದವಳು. 32 ವರ್ಷ ಮಿಷನ್ ತುಳಿದಿದ್ದೇನೆ. ನಮ್ಮ ಕೆಲಸದಲ್ಲಿ ಬಟ್ಟೆಗೆ ದಾರ ಹೊಂದಿಸುವುದು ಸಣ್ಣ ವಿಷಯವಲ್ಲ. ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಕಾಣುವ ಬಟ್ಟೆ ಮತ್ತು ದಾರ, ಬಾಗಿಲಾಚೆ ಬಂದ ಕೂಡಲೇ ಬೇರೆ ಬೇರೆ ಆಗಿಬಿಡುತ್ತವೆ. ಹಾಗಾಗಿ ರೀಲು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತೇವೆ. ಒಂದೆಳೆ ಬಿಚ್ಚಿ ಬಟ್ಟೆಯ ಮೇಲೆ ಮಲಗಿಸಿ ನೋಡುತ್ತೇವೆ. ರೀಲಿಗೆ ಸುತ್ತಿಕೊಂಡಿರುವಾಗ ದಾರ ಗಾಢವಾಗಿ ಕಾಣುತ್ತದೆ, ಒಂಟಿ ಎಳೆಯಾದಾಗ ತಿಳಿಯಾಗುತ್ತದೆ. ನನಗೆ ಬಣ್ಣ ನೋಡುವುದನ್ನು ಕಲಿಸಿದ್ದು ಆ ಬಾಗಿಲು. ಕುಂಚ ಹಿಡಿದಿದ್ದು ಎಷ್ಟೋ ಆಮೇಲೆ. ಕುತ್ತಿಗೆ ನೋವು ಜಾಸ್ತಿಯಾಗಿ, ದಿನವಿಡೀ ಮಿಷನ್ ಮುಂದೆ ಕೂರಬೇಡಿ ಎಂದು ಡಾಕ್ಟರ್ ಹೇಳಿದ ಮೇಲೆ.

ಮೊದಲು ಒಂದು ತರಗತಿಗೆ ಸೇರಿದೆ. ಹನ್ನೆರಡು ಜನ ಇದ್ದೆವು. ಎಲ್ಲರಿಗೂ ಒಂದೇ ಫೋಟೊ ಕೊಟ್ಟಿದ್ದರು. ಒಂದು ಕಿತ್ತಳೆ ಹಣ್ಣು, ಪಕ್ಕದಲ್ಲಿ ಬಿಡಿಸಿಟ್ಟ ಎರಡು ತೊಳೆ. ಮೂರು ವಾರ ಅದನ್ನೇ ನೋಡಿ ಬರೆದೆವು. ನೆರಳಿಗೆ ಕಪ್ಪು ಬೆರೆಸಿ ಎಂದರು, ಬೆರೆಸಿದೆವು. ಬೆಳಕಿಗೆ ಬಿಳಿ ಹಾಕಿ ಎಂದರು, ಹಾಕಿದೆವು. ಕೊನೆಗೆ ಹನ್ನೆರಡು ಕಿತ್ತಳೆಗಳೂ ಒಂದೇ ಥರ ಇದ್ದವು. ಒಂದು ಮಗ್ಗುಲಿಗೆ ಸುಣ್ಣ ಬಳಿದ ಹಾಗೆ, ಇನ್ನೊಂದು ಮಗ್ಗುಲಿಗೆ ಮಸಿ ಹಿಡಿದ ಹಾಗೆ. ಕಲಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದಲೇ ಹೇಳಿಕೊಟ್ಟರು, ಕುಂಚ ತೊಳೆಯುವುದರಿಂದ ಹಿಡಿದು ಬಣ್ಣ ಹಿಡಿಯಲೆಂದು ಕ್ಯಾನ್ವಾಸಿಗೆ ಮೊದಲು ಹಾಕುವ ಗೆಸ್ಸೋ ಎಂಬ ಬಿಳಿ ಲೇಪ ಬಳಿಯುವವರೆಗೆ ಎಲ್ಲ ಕಲಿತದ್ದು ಅಲ್ಲೇ. ಆದರೆ ಆ ಮೂರು ವಾರದಲ್ಲಿ ತರಗತಿಯೊಳಗೆ ಒಂದೇ ಒಂದು ನಿಜವಾದ ಕಿತ್ತಳೆ ಬರಲಿಲ್ಲ.

ಆಮೇಲೆ ಮನೆಯಲ್ಲಿ ನಾನೇ ಒಂದು ಪರೀಕ್ಷೆ ಮಾಡಿದೆ. ಬೆಳಗ್ಗೆ ಒಂದು ನಿಂಬೆಹಣ್ಣನ್ನು ಕಿಟಕಿ ಪಕ್ಕ ಬಿಳಿ ಬಟ್ಟೆಯ ಮೇಲೆ ಇಟ್ಟೆ. ಅದರ ಫೋಟೊ ತೆಗೆದು, ಮೊಬೈಲನ್ನು ಪಕ್ಕದಲ್ಲೇ ಒರಗಿಸಿ ನಿಲ್ಲಿಸಿದೆ. ಎರಡನ್ನೂ ನೋಡುತ್ತಾ ಕೂತೆ. ಫೋಟೊದಲ್ಲಿ ನೆರಳಿನ ಕಡೆ ಬರೀ ಒಂದು ಕಂದು ಮುದ್ದೆ. ನಿಜವಾದ ನಿಂಬೆಯಲ್ಲಿ ಅದೇ ಜಾಗದಲ್ಲಿ ಎಷ್ಟೊಂದು ಇತ್ತು! ಬೆಳಕು ಮುಗಿಯುವ ಅಂಚಿನಲ್ಲಿ ಹಸಿರು ಕಡೆಗೆ ವಾಲಿದ ಒಂದು ಗಾಢ ಪಟ್ಟಿ. ಅದರ ಕೆಳಗೆ ಸಾಸಿವೆ ಅರೆದ ಬಣ್ಣ. ಇನ್ನೂ ಕೆಳಗೆ, ಬಟ್ಟೆಯ ಬಿಳುಪು ಮೇಲಕ್ಕೆ ಚಿಮ್ಮಿ ಹಣ್ಣಿನ ಹೊಟ್ಟೆಗೆ ತಾಗಿದ ಕಡೆ ಮತ್ತೆ ಸ್ವಲ್ಪ ತಿಳಿ. ಹಣ್ಣು ಬಟ್ಟೆಗೆ ಕೂತ ಜಾಗದಲ್ಲಿ ಕೂದಲೆಳೆಯಷ್ಟು ದಪ್ಪದ ಒಂದು ಕಪ್ಪು ಗೆರೆ. ಆ ಗೆರೆ ಇಲ್ಲದಿದ್ದರೆ ಚಿತ್ರದಲ್ಲಿ ಹಣ್ಣು ಕೂರುವುದೇ ಇಲ್ಲ, ತೇಲುತ್ತದೆ. ಬಟ್ಟೆಯ ಮೇಲೆ ಬಿದ್ದ ನೆರಳನ್ನು ನೋಡಿದರೆ, ಹಣ್ಣಿಗೆ ಹತ್ತಿರದಲ್ಲಿ ಹಳದಿ ಸೋರಿದ ಹಾಗಿತ್ತು. ಹಣ್ಣು ಬಟ್ಟೆಗೆ ಬಣ್ಣ ಕೊಡುತ್ತದೆ, ಬಟ್ಟೆ ಹಣ್ಣಿಗೆ ಬೆಳಕು ಕೊಡುತ್ತದೆ. ನೆರಳಿನ ಬುಡದ ಆ ಹಳದಿಯನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ಹುಡುಕಿದೆ, ಸಿಗಲಿಲ್ಲ.

ಇದು ಮೊಬೈಲಿನ ದೋಷ ಅಂತ ನಾನು ಹೇಳುತ್ತಿಲ್ಲ. ಅದು ಮಾಡುವ ಕೆಲಸವೇ ಬೇರೆ. ನಮ್ಮ ಕಣ್ಣು ಬೆಳಕಿನ ಕಡೆ ಹೋದಾಗ ಬೆಳಕಿಗೆ ಹೊಂದಿಕೊಳ್ಳುತ್ತದೆ, ನೆರಳಿಗೆ ಬಂದಾಗ ನೆರಳಿಗೆ ಹೊಂದಿಕೊಳ್ಳುತ್ತದೆ. ಫೋಟೊದಲ್ಲಿ ಎಲ್ಲಕ್ಕೂ ಸೇರಿ ಒಂದೇ ಲೆಕ್ಕ. ಎಷ್ಟೋ ಸಲ ಹಣ್ಣಿನ ಮೇಲಿನ ಮಿಂಚು ಸುಟ್ಟು ಬಿಳಿಯಾಗುತ್ತದೆ, ಇಲ್ಲವೇ ನೆರಳು ಮುಚ್ಚಿ ಕಪ್ಪಾಗುತ್ತದೆ. ಬಿಳಿ ಬಟ್ಟೆ ಬಿಳಿಯಾಗಿಯೇ ಕಾಣಲಿ ಎಂದು ಮೊಬೈಲು ತಾನಾಗಿಯೇ ಬಣ್ಣ ತಿದ್ದುತ್ತದೆ. ಅದರ ಜೊತೆಗೆ ಹಣ್ಣಿನ ಬಣ್ಣವೂ ಜರುಗುತ್ತದೆ. ಮೊಬೈಲಿನ ಲೆನ್ಸ್ ಅಗಲ ನೋಟದ್ದು. ಹತ್ತಿರ ಹೋಗಿ ತೆಗೆದರೆ ಮುಂದಿನ ಹಣ್ಣು ಊದಿಕೊಂಡು ಹಿಂದಿನದು ಕುಗ್ಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಒಂದೇ ಕಣ್ಣಿನಿಂದ ನೋಡುತ್ತದೆ. ನಮಗೆ ಎರಡು ಕಣ್ಣಿದೆ. ಸೇಬಿನ ಎಡ ಅಂಚಿನ ಆಚೆಯನ್ನು ಎಡಗಣ್ಣು ಸ್ವಲ್ಪ ಜಾಸ್ತಿ ನೋಡುತ್ತದೆ, ಬಲ ಅಂಚಿನ ಆಚೆಯನ್ನು ಬಲಗಣ್ಣು. ದುಂಡಗಿನ ವಸ್ತು ದುಂಡಗೆ ಕಾಣುವುದರಲ್ಲಿ ಅದರ ಪಾಲು ದೊಡ್ಡದು. ಫೋಟೊ ನೋಡಿ ಕಲಿತವರು ಹಣ್ಣಿನ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಬರೆಯುತ್ತಾರೆ. ನಾನೂ ಹಾಗೇ ಬರೆಯುತ್ತಿದ್ದೆ. ಹಣ್ಣನ್ನೇ ಎದುರಿಗಿಟ್ಟುಕೊಂಡ ಮೇಲೆ, ಅಂಚು ಒಂದೊಂದು ಕಡೆ ಹಿನ್ನೆಲೆಯೊಳಗೆ ಕರಗಿಹೋಗುವುದು ಕಾಣಿಸಿತು.

ನೆರಳಿಗೆ ಕಪ್ಪು ಬೆರೆಸುವ ಚಟ ಬಿಟ್ಟದ್ದೂ ಆ ನಿಂಬೆಹಣ್ಣಿನಿಂದಲೇ. ಹಳದಿಗೆ ಕಪ್ಪು ಹಾಕಿದರೆ ನೆರಳು ಬರುವುದಿಲ್ಲ, ಕೊಳಕು ಹಸಿರು ಬರುತ್ತದೆ. ಬಣ್ಣದ ಚಕ್ರದಲ್ಲಿ ಹಳದಿಗೆ ಎದುರು ಬಣ್ಣ ನೇರಳೆ. ಸೂಜಿಮೊನೆಯಷ್ಟು ನೇರಳೆ ಸೇರಿಸಿದರೆ ಹಳದಿ ತಣ್ಣಗೆ ತಗ್ಗುತ್ತದೆ, ಆದರೂ ಹಳದಿಯ ಮನೆಯಲ್ಲೇ ಇರುತ್ತದೆ. ಕೆಂಪು ಸೇಬಿನ ಬೆಳಕಿನ ಕಡೆಗೆ ಬಿಳಿ ಬೆರೆಸಿದರೂ ಇದೇ ಪಾಡು, ಸೇಬು ಗುಲಾಬಿಯಾಗುತ್ತದೆ. ಅಲ್ಲಿ ಕಿತ್ತಳೆ ಕಡೆಗೆ, ಹಳದಿ ಕಡೆಗೆ ಹೋಗಬೇಕು. ಇದನ್ನೆಲ್ಲ ಮಾತಿನಲ್ಲಿ ಹೇಳಿದರೆ ನಿಯಮದ ಥರ ಕೇಳಿಸುತ್ತದೆ. ಹಣ್ಣು ಎದುರಿಗಿದ್ದರೆ ನಿಯಮ ಬೇಕಾಗುವುದಿಲ್ಲ, ತಪ್ಪು ಬಣ್ಣ ಹಾಕಿದ ಕೂಡಲೇ ಕಣ್ಣಿಗೆ ಚುಚ್ಚುತ್ತದೆ.

ಇನ್ನು ಕೆಡುವ ಮಾತು. ಸ್ಟಿಲ್ ಲೈಫ್ ಎಂಬ ಹೆಸರು ಡಚ್ ಭಾಷೆಯ ಸ್ಟಿಲ್‌ಲೇವನ್‌ನಿಂದ ಬಂದದ್ದು. ಫ್ರೆಂಚರು ಇದನ್ನೇ ನತೂರ್ ಮೋರ್ತ್ ಅನ್ನುತ್ತಾರೆ. ಅಂದರೆ ಸತ್ತ ಪ್ರಕೃತಿ. ಈ ಹೆಸರು ನನಗೆ ಯಾವತ್ತೂ ಹಿಡಿಸಿಲ್ಲ. ಮರದಿಂದ ಕಿತ್ತ ಹಣ್ಣು ಸತ್ತಿರುವುದಿಲ್ಲ. ಅದು ಉಸಿರಾಡುತ್ತಿರುತ್ತದೆ, ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಸೇಬು, ಬಾಳೆ, ಮಾವು, ಮರಸೇಬು (ಪಿಯರ್) ಇವೆಲ್ಲ ಕಿತ್ತ ಮೇಲೂ ಮಾಗುತ್ತವೆ. ಮಾಗುವಾಗ ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಆ ಅನಿಲ ಪಕ್ಕದ ಹಣ್ಣನ್ನೂ ಮಾಗಿಸುತ್ತದೆ. ಹಾಗಾಗಿ ಸೇಬಿನ ಬುಟ್ಟಿಯಲ್ಲಿ ಬಾಳೆಹಣ್ಣು ಇಟ್ಟು ಚಿತ್ರ ಬರೆಯಲು ಕೂತರೆ, ಬಾಳೆಹಣ್ಣು ನೀವು ಅಂದುಕೊಂಡದ್ದಕ್ಕಿಂತ ಬೇಗ ಚುಕ್ಕೆ ಬಿಡುತ್ತದೆ. ಕಿತ್ತಳೆ, ನಿಂಬೆ, ದ್ರಾಕ್ಷಿ ಹಾಗಲ್ಲ. ಕಿತ್ತ ಮೇಲೆ ಅವು ಮಾಗುವುದಿಲ್ಲ, ನಿಧಾನಕ್ಕೆ ಒಣಗುತ್ತವೆ ಅಷ್ಟೆ. ಹೊಸಬರು ನಿಂಬೆ, ಕಿತ್ತಳೆಯಿಂದ ಶುರು ಮಾಡಲಿ. ಅವು ಕಾಯುತ್ತವೆ. ಹೆಚ್ಚಿದ ಸೇಬು ಕಾಯುವುದಿಲ್ಲ, ಗಾಳಿ ತಾಗಿ ಕಂದಾಗುತ್ತದೆ. ಅದಕ್ಕೆ ನಿಂಬೆರಸ ಸವರಿದರೆ ಸ್ವಲ್ಪ ಸಮಯ ಸಿಗುತ್ತದೆ.

ಕಳೆದ ವರ್ಷ ನಾನು ಒಂದೇ ಒಂದು ಮರಸೇಬನ್ನು ಒಂಬತ್ತು ದಿನ ಬರೆದೆ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ವಾದವೆಲ್ಲ ಅದರಲ್ಲೇ ಇದೆ.

ಮೊದಲ ದಿನ ಅದು ಗಟ್ಟಿ ಹಸಿರು. ಮೈ ತುಂಬಾ ಸಣ್ಣ ಸಣ್ಣ ಕಂದು ಚುಕ್ಕೆ, ಎಳ್ಳಿಗಿಂತ ಚಿಕ್ಕವು. ಆ ಚುಕ್ಕೆಗಳ ಮೂಲಕವೇ ಹಣ್ಣು ಉಸಿರಾಡುವುದು. ತೊಟ್ಟು ನೆಟ್ಟಗೆ ನಿಂತಿತ್ತು. 30 ಸೆಂಟಿಮೀಟರ್ ಎತ್ತರದ ಹಲಗೆ ತೆಗೆದುಕೊಂಡು, ಮೊದಲು ಕಂದು ಬಣ್ಣದಲ್ಲಿ ಬರೀ ಬೆಳಕು ಮತ್ತು ನೆರಳಿನ ಆಕಾರ ಹಾಕಿದೆ. ಕಣ್ಣು ಕಿರಿದು ಮಾಡಿ ನೋಡಿದರೆ ಬಣ್ಣ ಹಿಂದೆ ಸರಿದು ಆಕಾರ ಮುಂದೆ ಬರುತ್ತದೆ, ಹಾಗೆ ನೋಡಿ ಹಾಕಿದೆ. ಅರ್ಧ ಗಂಟೆಯಲ್ಲಿ ಒಣಗಿತು. ಅದರ ಮೇಲೆ ಹಸಿರು. ಅವತ್ತಿಗೆ ಅಷ್ಟೇ. ಎರಡನೇ ದಿನ, ಮೂರನೇ ದಿನ ಹಸಿರಿನಲ್ಲೇ ಕೆಲಸ ಮಾಡಿದೆ. ನಾಲ್ಕನೇ ದಿನ ಬೆಳಗ್ಗೆ ಕಿಟಕಿ ತೆಗೆದರೆ ಹಣ್ಣಿನ ಬೆಳಕಿನ ಕಡೆ ಹಸಿರು ಸಡಿಲವಾಗಿತ್ತು. ಹಳದಿ ಮೇಲಿಂದ ಬಂದು ಕೂತ ಹಾಗೆ ಕಾಣಲಿಲ್ಲ. ಹಸಿರು ತೆಳ್ಳಗಾಗಿ ಒಳಗಿದ್ದ ಹಳದಿ ಹೊರಗೆ ಬಂದ ಹಾಗಿತ್ತು. ನಿಜವಾಗಿ ಆಗುವುದೂ ಅದೇ. ಹಣ್ಣು ಮಾಗುವಾಗ ಹಸಿರಿನ ಅಂಶ ಒಡೆದುಹೋಗುತ್ತದೆ, ಮೊದಲೇ ಇದ್ದ ಹಳದಿ ಕಾಣಿಸಿಕೊಳ್ಳುತ್ತದೆ.

ಏನು ಮಾಡಲಿ? ಹಸಿರು ಚಿತ್ರ ಮುಗಿದಿರಲಿಲ್ಲ. ಫೋಟೊ ತೆಗೆದಿಟ್ಟುಕೊಂಡಿದ್ದರೆ ಹಸಿರಿನಲ್ಲೇ ಮುಗಿಸುತ್ತಿದ್ದೆ. ತೆಗೆದಿರಲಿಲ್ಲ. ಹನ್ಸಾ ಯೆಲ್ಲೋ ಎಂಬ ಹಳದಿಯನ್ನು, ಬಣ್ಣವನ್ನು ಪಾರದರ್ಶಕವಾಗಿಸುವ ಗ್ಲೇಜಿಂಗ್ ಮೀಡಿಯಂ ಎಂಬ ದ್ರವದಲ್ಲಿ ತೆಳ್ಳಗೆ ಕಲಸಿ, ಒಣಗಿದ ಹಸಿರಿನ ಮೇಲೆ ಬೆಳಕಿದ್ದ ಕಡೆ ಮಾತ್ರ ಒಂದು ಪರದೆಯ ಹಾಗೆ ಎಳೆದೆ. ಆ ಹಳದಿ ಅರೆಪಾರದರ್ಶಕ, ಕೆಳಗಿನ ಹಸಿರು ಅದರೊಳಗಿಂದ ಕಾಣುತ್ತಿರುತ್ತದೆ. ಐದನೇ ದಿನ ಇನ್ನೊಂದು ಪರದೆ. ಆರನೇ ದಿನ ಕುತ್ತಿಗೆಯ ಹತ್ತಿರ ಹೆಬ್ಬೆರಳು ಒತ್ತಿ ನೋಡಿದೆ, ಮೆತ್ತಗಾಗಿತ್ತು. ಏಳನೇ ದಿನ ನಾನು ಒತ್ತಿದ ಜಾಗದಲ್ಲೇ ಬೆರಳಿನ ಗುರುತಿನಷ್ಟು ಕಂದು ಕಲೆ ಬಂತು. ಅದನ್ನೂ ಬರೆದೆ. ಒಂಬತ್ತನೇ ದಿನ ತೊಟ್ಟಿನ ಬುಡದಲ್ಲಿ ಸಿಪ್ಪೆ ನೆರಿಗೆ ಹಿಡಿದಿತ್ತು, ಹೊಲಿಯುವಾಗ ದಾರ ಬಿಗಿಯಾದರೆ ಬಟ್ಟೆ ಹಿಡಿದುಕೊಳ್ಳುತ್ತದಲ್ಲ, ಹಾಗೆ. ಅತಿ ಸಣ್ಣ ಕುಂಚದಲ್ಲಿ ಆ ನೆರಿಗೆ ಎಳೆದು ಕುಂಚ ಕೆಳಗಿಟ್ಟೆ.

ಆ ಚಿತ್ರದಲ್ಲಿ ಈಗಲೂ ಹಳದಿಯ ಕೆಳಗೆ ಹಸಿರು ಇದೆ. ಮೊದಲ ದಿನದ ಹಸಿರು. ಮಗಳು ನೋಡಿ, ಅಮ್ಮಾ, ಇದು ಒಳಗಿನಿಂದ ಹಣ್ಣಾದ ಹಾಗಿದೆ ಎಂದಳು. ಸಂಪಾದಕರೇ, ಎಣ್ಣೆ ಬಣ್ಣದಲ್ಲಾಗಿದ್ದರೆ ಇದು ನನ್ನಿಂದ ಸಾಧ್ಯವಿರಲಿಲ್ಲ. ಎಣ್ಣೆ ಬಣ್ಣದ ಪದರ ಮುಟ್ಟುವಷ್ಟು ಒಣಗಲು ದಿನಗಟ್ಟಲೆ ಬೇಕು. ಹಸಿ ಹಸಿರಿನ ಮೇಲೆ ಹಳದಿ ಎಳೆದರೆ ಎರಡೂ ಕಲಸಿಹೋಗುತ್ತವೆ. ಒಣಗಲಿ ಎಂದು ಕಾದರೆ ಹಣ್ಣು ನಮ್ಮನ್ನು ಬಿಟ್ಟು ಮುಂದೆ ಹೋಗಿರುತ್ತದೆ. ಅಕ್ರಿಲಿಕ್‌ನ ತೆಳು ಪದರ ಹತ್ತು ಇಪ್ಪತ್ತು ನಿಮಿಷಕ್ಕೆ ಒಣಗುತ್ತದೆ. ಬೇಗ ಒಣಗುತ್ತದೆ ಎಂದು ಎಲ್ಲರೂ ದೂರುವ ಗುಣವೇ ದಿನದಿನಕ್ಕೆ ಬದಲಾಗುವ ಹಣ್ಣಿಗೆ ಸರಿಯಾದ ಜೋಡಿ. ನಿಮ್ಮ ಬರಹದಲ್ಲಿ ಹಣ್ಣು ಕೆಡುವುದನ್ನೂ ಬಣ್ಣ ಒಣಗುವುದನ್ನೂ ಎರಡು ತೊಂದರೆಗಳೆಂದು ಬೇರೆ ಬೇರೆ ಹೇಳಿದ್ದರು. ನನ್ನ ಅನುಭವದಲ್ಲಿ ಒಂದಕ್ಕೆ ಇನ್ನೊಂದು ಉತ್ತರ.

ದುಂಡನೆಯ ಮೈ ಬರುವುದಿಲ್ಲ ಎಂಬ ಮಾತಿಗೂ ಬರುತ್ತೇನೆ. ಹಸಿ ಬಣ್ಣವನ್ನು ಹಸಿ ಬಣ್ಣದೊಳಗೆ ನೇವರಿಸಿ ಬೆಸೆಯುವುದು ಎಣ್ಣೆ ಬಣ್ಣದವರ ದಾರಿ. ಅದನ್ನೇ ಅಕ್ರಿಲಿಕ್‌ನಲ್ಲಿ ಮಾಡಲು ಹೋದರೆ ಅರ್ಧ ಒಣಗಿದ ಬಣ್ಣ ಕುಂಚಕ್ಕೆ ಕಿತ್ತು ಬರುತ್ತದೆ. ಅಲ್ಲೇ ಎಷ್ಟೋ ಜನ ಬೇಸತ್ತು ಬಿಟ್ಟುಬಿಡುತ್ತಾರೆ. ಆದರೆ ಹರಿದ ಬಟ್ಟೆಗೆ ರಫು ಮಾಡುವವರನ್ನು ನೋಡಿ. ಒಂದೊಂದೇ ಎಳೆ ಹಾಕುತ್ತಾರೆ, ದೂರದಿಂದ ನೋಡಿದರೆ ಬಟ್ಟೆ ಒಂದೇ. ನಾನು ಹಣ್ಣಿನ ತಿರುವಿನಲ್ಲಿ ಹಾಗೇ ಮಾಡುತ್ತೇನೆ. ಬೆಳಕಿಗೂ ನೆರಳಿಗೂ ನಡುವೆ ನಾಲ್ಕೈದು ಬಣ್ಣ ಮೊದಲೇ ಕಲಸಿಟ್ಟುಕೊಂಡು, ಹಣ್ಣಿನ ಮೈ ತಿರುಗುವ ದಿಕ್ಕಿಗೇ ಸಣ್ಣ ಸಣ್ಣ ಗೆರೆ ಎಳೆಯುತ್ತೇನೆ. ಒಂದರ ಅಂಚು ಇನ್ನೊಂದರೊಳಗೆ ಹೊಕ್ಕಿರಬೇಕು. ಕೊನೆಗೆ ಎಲ್ಲದರ ಮೇಲೆ ಒಂದು ತೆಳು ಗ್ಲೇಜ್, ಅಂದರೆ ಪಾರದರ್ಶಕ ಪದರ. ಕಲಸಿಟ್ಟ ಬಣ್ಣ ಒಣಗದ ಹಾಗೆ ಪ್ಯಾಲೆಟ್ ಕೆಳಗೆ ಒದ್ದೆ ಬಟ್ಟೆ, ಅದರ ಮೇಲೆ ಬೆಣ್ಣೆ ಕಾಗದ. ಆಗಾಗ ನೀರಿನ ಸ್ಪ್ರೇ. ಇನ್ನೂ ಸಮಯ ಬೇಕಾದರೆ, ಬಣ್ಣ ಒಣಗುವುದನ್ನು ತಡಮಾಡುವ ರಿಟಾರ್ಡರ್ ಒಂದೆರಡು ಹನಿ, ಜಾಸ್ತಿ ಬೇಡ. ಬರೀ ನೀರು ಸುರಿದು ತೆಳು ಮಾಡುವುದೂ ಬೇಡ, ಬಣ್ಣದ ಹಿಡಿತ ಹೋಗುತ್ತದೆ.

ಹೊಸಬರಿಗೆ ಖಂಡಿತ ಹೇಳಬೇಕಾದ ಒಂದು ವಿಷಯ ಆ ಬರಹದಲ್ಲಿ ಇರಲೇ ಇಲ್ಲ. ಅಕ್ರಿಲಿಕ್ ಒಣಗಿದ ಮೇಲೆ ಗಾಢವಾಗುತ್ತದೆ. ಬಟ್ಟೆ ಒದ್ದೆಯಾದಾಗ ಗಾಢ, ಒಣಗಿದಾಗ ತಿಳಿ. ಇದು ಅದಕ್ಕೆ ಉಲ್ಟಾ. ಕಾರಣ ಸರಳ. ಬಣ್ಣದ ಪುಡಿಯನ್ನು ಹಿಡಿದಿಡುವ ಅಕ್ರಿಲಿಕ್ ಅಂಟು ನೀರಿನಲ್ಲಿ ಸಣ್ಣ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ, ಆಗ ಅದು ಹಾಲಿನ ಹಾಗೆ ಬಿಳಿ. ನೀರು ಆರಿದಾಗ ಆ ಕಣಗಳು ಒಂದಕ್ಕೊಂದು ಕೂಡಿಕೊಂಡು ಗಾಜಿನಷ್ಟು ತಿಳಿಯಾದ ಪೊರೆಯಾಗುತ್ತವೆ. ಬಿಳುಪು ಹೋಗುತ್ತದೆ, ಬಣ್ಣ ಇಳಿದು ಕೂರುತ್ತದೆ. ಇದು ಗೊತ್ತಿಲ್ಲದೆ ಮೊದಲ ವರ್ಷ ನನ್ನ ಹಣ್ಣುಗಳೆಲ್ಲ ಸಂಜೆಯ ಹೊತ್ತಿಗೆ ಒಂದು ಸುತ್ತು ಮಂಕಾಗುತ್ತಿದ್ದವು. ಈಗ ದಾರದ ಉಪಾಯವನ್ನೇ ಇಲ್ಲೂ ಮಾಡುತ್ತೇನೆ. ಕಲಸಿದ ಬಣ್ಣವನ್ನು ಕಾಗದದ ಸಣ್ಣ ಪಟ್ಟಿಗೆ ಬಳಿದು, ಒಣಗಿಸಿ, ಕಿಟಕಿಯ ಬೆಳಕಿನಲ್ಲಿ ಹಣ್ಣಿನ ಪಕ್ಕಕ್ಕೆ ಹಿಡಿಯುತ್ತೇನೆ. ಹೊಂದಿದರೆ ಮಾತ್ರ ಕ್ಯಾನ್ವಾಸಿಗೆ. ಅಂಥ ಪಟ್ಟಿಗಳು ನನ್ನ ಗುಂಡಿ ಡಬ್ಬಿಯಲ್ಲಿ ನೂರಾರು ಇವೆ. ಪ್ರತಿಯೊಂದರ ಹಿಂದೆ ಯಾವ ಹಣ್ಣು, ಯಾವ ಕಡೆ ಎಂದು ಬರೆದಿದ್ದೇನೆ.

ಅಕ್ರಿಲಿಕ್ ಅಂದರೆ ಕಲಿಯುವವರ ಬಣ್ಣ ಎಂಬ ಭಾವನೆ ಹೋಗಬೇಕು. ಇದು ಹೊಸ ಬಣ್ಣ ನಿಜ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಕಲಾವಿದರಿಗೆಂದು ಲಿಕ್ವಿಟೆಕ್ಸ್ ಎಂಬ ಹೆಸರಿನಲ್ಲಿ ಬಂದದ್ದು 1955ರಲ್ಲಿ, ಅಮೆರಿಕದ ಸಿನ್ಸಿನಾಟಿಯಿಂದ. ಹನ್ನೆರಡೇ ವರ್ಷಕ್ಕೆ, 1967ರಲ್ಲಿ, ಬ್ರಿಟನ್ನಿನ ಚಿತ್ರಕಾರ ಡೇವಿಡ್ ಹಾಕ್ನಿ ಈಜುಕೊಳದ ನೀರು ಚಿಮ್ಮುವ ತಮ್ಮ ಹೆಸರಾಂತ ಚಿತ್ರವನ್ನು ಬರೆದದ್ದು ಅಕ್ರಿಲಿಕ್‌ನಲ್ಲಿ. ಕಲಿಯುವವರ ಬಣ್ಣ ಅಂತ ಅದನ್ನು ನೋಡಿದ ಯಾರೂ ಹೇಳಲಾರರು.

ಇದಕ್ಕಿಂತ ಹೆಚ್ಚು ನೋವು ಕೊಡುವ ಮಾತು ಇನ್ನೊಂದಿದೆ. ಎರಡು ವರ್ಷದ ಹಿಂದೆ ಒಂದು ಸ್ಪರ್ಧೆಗೆ ದ್ರಾಕ್ಷಿ ಗೊಂಚಲಿನ ಚಿತ್ರ ಕಳಿಸಿದ್ದೆ. ಚೆನ್ನಾಗಿದೆ, ಆದರೆ ಸುಮ್ನೆ ಹಣ್ಣು ಅಲ್ವಾ, ವಿಷಯ ಏನಿದೆ ಇದರಲ್ಲಿ ಎಂದು ಅಲ್ಲಿಯವರು ಕೇಳಿದರು. ಬಹುಮಾನ ಬರದಿದ್ದರ ಬಗ್ಗೆ ಬೇಸರವಿಲ್ಲ. ಆ ಸುಮ್ನೆ ಎಂಬ ಮಾತು ಮಾತ್ರ ಇವತ್ತಿಗೂ ಮರೆತಿಲ್ಲ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಈ ಮಾತು ತುಂಬಾ ಹಳೆಯದು. 1667ರಲ್ಲಿ ಫ್ರಾನ್ಸಿನ ಕಲಾ ಬರಹಗಾರ ಆಂದ್ರೆ ಫೆಲಿಬಿಯಾಂ ಚಿತ್ರಗಳಿಗೆ ಮೆಟ್ಟಿಲು ಕಟ್ಟಿ, ಇತಿಹಾಸದ ಚಿತ್ರಗಳನ್ನು ಮೇಲಿಟ್ಟು, ಹಣ್ಣು ಹೂವುಗಳನ್ನು ಎಲ್ಲಕ್ಕಿಂತ ಕೆಳಗಿಟ್ಟರು. ಆದರೆ ಅದೇ ಫ್ರಾನ್ಸಿನ ಚಿತ್ರಕಲಾ ಅಕಾಡೆಮಿ 1728ರಲ್ಲಿ ಶಾರ್ದಾಂ ಅವರನ್ನು ಸೇರಿಸಿಕೊಂಡದ್ದು ಪ್ರಾಣಿಗಳು ಮತ್ತು ಹಣ್ಣುಗಳ ಚಿತ್ರಕಾರ ಎಂದೇ.

ಇಟಲಿಯ ಚಿತ್ರಕಾರ ಕ್ಯಾರವಾಜಿಯೊ 1600ರ ಆಸುಪಾಸಿನಲ್ಲಿ ಬರೆದ ಹಣ್ಣಿನ ಬುಟ್ಟಿ ಮಿಲಾನಿನಲ್ಲಿದೆ. ಅದರಲ್ಲಿ ಮುಂದಿರುವ ಸೇಬಿಗೆ ಹುಳು ಕೊರೆದ ತೂತಿದೆ, ಎಲೆಗಳು ಸುರುಟಿಕೊಂಡಿವೆ. ಕೆಟ್ಟ ಹಣ್ಣನ್ನು ತೆಗೆದುಹಾಕಿ ಒಳ್ಳೆಯದನ್ನು ಇಡಲು ಅವರಿಗೆ ಕಷ್ಟವಿರಲಿಲ್ಲ. ಹಾಗೆ ಮಾಡಲಿಲ್ಲ. ಸ್ಪೇನಿನ ಸಾಂಚೆಸ್ ಕೊಟಾನ್ ಅದೇ ಸುಮಾರಿಗೆ ಹಣ್ಣು ತರಕಾರಿಯನ್ನು ದಾರ ಕಟ್ಟಿ ಕಿಟಕಿಯಂಥ ಚೌಕಟ್ಟಿನಲ್ಲಿ ನೇತುಹಾಕಿದ ಹಾಗೆ ಬರೆದರು, ಹಿಂದೆ ಬರೀ ಕಪ್ಪು. ನಾನು ಅವೆರಡನ್ನೂ ಮುದ್ರಿಸಿದ ಚಿತ್ರದಲ್ಲಷ್ಟೇ ನೋಡಿದ್ದೇನೆ. ಆದರೂ ಆ ಹುಳುವಿನ ತೂತಿನ ಮುಂದೆ ತುಂಬಾ ಹೊತ್ತು ಕೂತಿದ್ದೇನೆ. ಲೂಯಿಸ್ ಮೊಯ್ಯೋಂ ಎಂಬ ಹೆಣ್ಣುಮಗಳು 1630ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹಣ್ಣುಗಳನ್ನೇ ಬರೆದು ಹೆಸರಾದರು. ಆಗ ಮನುಷ್ಯನ ಮೈಯನ್ನು ಎದುರಿಗೆ ನಿಲ್ಲಿಸಿ ಬರೆಯುವ ಪಾಠ ಹೆಂಗಸರಿಗೆ ಸಿಗುತ್ತಿರಲಿಲ್ಲ. ಹಣ್ಣಿನ ಬುಟ್ಟಿ ಮನೆಯಲ್ಲೇ ಇತ್ತು. ಅಡುಗೆಮನೆ ಮೇಜಿನ ಮೇಲೆ ಬರೆಯುವ ನನಗೆ ಇದು ಹತ್ತಿರದ ವಿಷಯ.

ನಿಧಾನಕ್ಕೆ ಬರೆಯುವವರು ಏನು ಮಾಡಬೇಕು ಎಂದು ನೀವು ಕೇಳಬಹುದು. ಫ್ರಾನ್ಸಿನ ಚಿತ್ರಕಾರ ಸೆಜಾನ್ ಅಷ್ಟು ನಿಧಾನದವರು ಇನ್ನೊಬ್ಬರಿರಲಿಲ್ಲ. ಹೂವು ಬಾಡುತ್ತದೆ ಎಂದು ಅವರು ಕಾಗದದ ಹೂವು ಇಟ್ಟುಕೊಂಡು ಬರೆದದ್ದೂ ಉಂಟು. ನಾನು ಅದಕ್ಕೆ ಬೇಡ ಅನ್ನುವುದಿಲ್ಲ. ಕಾಗದದ್ದಾದರೂ ಸರಿ, ಅದು ಅವರ ಎದುರಿಗೆ ಇತ್ತು, ಅದರ ಮೇಲೆ ಬೆಳಕು ಬೀಳುತ್ತಿತ್ತು, ಅವರು ತಲೆ ಜರುಗಿಸಿದರೆ ಅಂಚು ಬದಲಾಗುತ್ತಿತ್ತು. ಕೊನೆಗೆ ಯಾವ ದಾರಿಯೂ ಇಲ್ಲದಾಗ, ಕೆಲಸದ ನಡುವೆ ಹಣ್ಣು ಪೂರ್ತಿ ಹೋದರೆ, ಜೋಡಣೆ ಹೇಗಿತ್ತು ಎಂಬ ನೆನಪಿಗೆ ಒಂದು ಫೋಟೊ ಇಟ್ಟುಕೊಳ್ಳಲಿ. ಬಣ್ಣಕ್ಕಾಗಿ ಮಾತ್ರ ಅದನ್ನು ನೋಡಬಾರದು.

ಹಣ್ಣು ದಂಡವಾಗುತ್ತದೆ ಎನ್ನುವವರಿಗೂ ಒಂದು ಮಾತು. ನಮ್ಮ ಮನೆಯಲ್ಲಿ ಒಂದೂ ದಂಡವಾಗುವುದಿಲ್ಲ, ಆ ಮರಸೇಬು ಒಂದನ್ನು ಬಿಟ್ಟು. ಹಣ್ಣನ್ನು ಬಣ್ಣದ ಮೇಜಿನಿಂದ ಮೊಳದಷ್ಟು ದೂರ, ಬೇರೆ ಸ್ಟೂಲಿನ ಮೇಲೆ ಇಡುತ್ತೇನೆ. ಬಣ್ಣದ ಕೈಯಲ್ಲಿ ಮುಟ್ಟುವುದಿಲ್ಲ. ಕ್ಯಾಡ್ಮಿಯಂನಂಥ ಕೆಲವು ಬಣ್ಣ ಹೊಟ್ಟೆಗೆ ಹೋಗಬಾರದು. ಕೆಲಸ ಮುಗಿದ ಮೇಲೆ ಹಣ್ಣು ತೊಳೆದು ತಿನ್ನುತ್ತೇವೆ.

ಮಕ್ಕಳ ವಿಷಯಕ್ಕೆ ಬಂದರೆ ನನಗೆ ಇನ್ನೂ ಅವಸರ. ಮೊನ್ನೆ ಮೊಮ್ಮಗಳು ಕಪ್ಪು ದ್ರಾಕ್ಷಿಯ ಗೊಂಚಲು ತಂದಿಟ್ಟು, ಅಜ್ಜಿ, ಇದರ ಮೇಲೆ ಧೂಳು ಕೂತಿದೆ, ಒರೆಸಲಾ ಎಂದು ಕೇಳಿದಳು. ಬೇಡ ಕಂದ ಎಂದೆ. ಅದು ಧೂಳಲ್ಲ, ನೀರು ಆರಿಹೋಗದ ಹಾಗೆ ದ್ರಾಕ್ಷಿ ತಾನೇ ಹೊದ್ದುಕೊಂಡ ಮೇಣದ ಪೊರೆ. ಒಂದು ದ್ರಾಕ್ಷಿಯನ್ನು ಮಾತ್ರ ಒರೆಸಲು ಹೇಳಿದೆ. ಬೆರಳು ತಾಗಿದ ಕಡೆ ಅದು ಕರ್ರಗೆ ಹೊಳೆಯಿತು, ಉಳಿದ ಕಡೆ ಬೂದಿ ನೀಲಿಯೇ ಇತ್ತು. ಆಮೇಲೆ ಗೊಂಚಲನ್ನು ಬೆಳಕಿಗೆ ಎತ್ತಿ ಹಿಡಿದೆ. ಬೆಳಕು ಒಂದು ಕಡೆಯಿಂದ ಹೊಕ್ಕು, ದ್ರಾಕ್ಷಿಯ ಎದುರು ಮಗ್ಗುಲಿನಲ್ಲಿ ಕೆಂಪಗೆ ಹೊತ್ತಿಕೊಂಡಿತು. ನೆರಳು ಇರಬೇಕಾದ ಕಡೆ ಬೆಳಕು! ಅವಳು ಬಾಯಿ ತೆರೆದು ನೋಡಿದಳು. ಎಂಟು ವರ್ಷದ ಮಗು ಅರ್ಧ ಗಂಟೆ ಒಂದು ದ್ರಾಕ್ಷಿಯನ್ನು ನೋಡಿತು. ಒಣ ಕುಂಚದಲ್ಲಿ ಬೂದಿ ನೀಲಿಯನ್ನು ಸವರಿ ಪೊರೆ ಮಾಡುವುದನ್ನು ಅವಳು ಅವತ್ತೇ ಕಲಿತಳು. ತಾನು ಒರೆಸಿದ ದ್ರಾಕ್ಷಿಗೆ ಮಾತ್ರ ಅದನ್ನು ಹಾಕಲಿಲ್ಲ.

ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಇಂಥ ಬರಹ ಹಾಕುವಾಗ, ಒಂದೇ ಒಂದು ಹಣ್ಣನ್ನು ಕಿಟಕಿಯ ಪಕ್ಕ ಇಟ್ಟುಕೊಂಡು ಶುರು ಮಾಡಿ ಎಂಬ ಸಾಲು ಮೊದಲಿಗೆ ಇರಲಿ. ಮಕ್ಕಳ ಪುಟಕ್ಕೆ ಹಣ್ಣಿನ ಚಿತ್ರ ಕೇಳುವಾಗ, ನೋಡಿ ಬರೆದ ಹಣ್ಣಿನ ಹೆಸರು ಮತ್ತು ಎಷ್ಟು ದಿನ ನೋಡಿದರು ಎಂಬುದನ್ನೂ ಬರೆದು ಕಳಿಸಲು ಹೇಳಿ. ಹಾಗೆಯೇ ಈ ಪತ್ರವನ್ನು ಆ ಬರಹ ಬರೆದವರಿಗೆ ದಯವಿಟ್ಟು ತಲುಪಿಸಿ. ಅವರು ಒಂದು ನಿಂಬೆಹಣ್ಣನ್ನು ಬಿಳಿ ಬಟ್ಟೆಯ ಮೇಲಿಟ್ಟು, ಅದರ ಫೋಟೊವನ್ನು ಪಕ್ಕದಲ್ಲಿಟ್ಟು, ಹತ್ತು ನಿಮಿಷ ನೋಡಲಿ. ನೆರಳಿನ ಬುಡದಲ್ಲಿ ಸೋರಿದ ಹಳದಿ ಫೋಟೊದಲ್ಲೂ ಅವರಿಗೆ ಸಿಕ್ಕರೆ, ನನಗೆ ಬರೆದು ತಿಳಿಸಲಿ. ನಾನು ಇನ್ನೊಮ್ಮೆ ನೋಡುತ್ತೇನೆ.

ಇಂತಿ,
ನಿಮ್ಮ ಓದುಗಾರ್ತಿ